ಶನಿ ಮಾಸ್ತರರ ದನಿ

ಜಗಳಕ್ಕೆ ಕಾರಣವಾದದ್ದು ಒಂದು ಹಸಿರು ಗುಂಡಿ. ಅಂಗಿಯ ಗುಂಡಿಗಿಂತ ದೊಡ್ಡದೇನೂ ಅಲ್ಲ. ಬೇಸಿಗೆ ರಜೆಯ ಕುಟುಂಬ ಕಾರ್ಯಕ್ರಮ ಶುರುವಾಗುವ ದಿನ ಬೆಳಿಗ್ಗೆ ಶನಿ ಮಾಸ್ತರರು ತಾರಾಲಯದ ಗುಮ್ಮಟದೊಳಗೆ ಕಾಲಿಟ್ಟು ನೋಡುತ್ತಾರೆ, ಇಪ್ಪತ್ತೆರಡು ವರ್ಷದಿಂದ ತಮ್ಮ ಮೈಕು ನಿಂತಿದ್ದ ಜಾಗದಲ್ಲಿ ಆ ಗುಂಡಿ ಕೂತಿದೆ. ಮೈಕು ಮಾಯ. ಗುಂಡಿಯ ಕೆಳಗೆ ಒಂದು ಚೀಟಿ: ‘ವಿವರಣೆ. ಒಮ್ಮೆ ಒತ್ತಿ ಸುಮ್ಮನಿರಿ.’

ಸುಮ್ಮನಿರುವುದು ಮಾಸ್ತರರಿಗೆ ಒಲಿಯದ ವಿದ್ಯೆ. ಅವರೇನು ಶಾಲೆಯ ಮಾಸ್ತರರಲ್ಲ. ಖಗೋಳ ಕೇಂದ್ರದಲ್ಲಿ ಪ್ರದರ್ಶನದ ಹೊತ್ತಿಗೆ ಕತ್ತಲಲ್ಲಿ ನಿಂತು, ನೆತ್ತಿಯ ಮೇಲಿನ ಚುಕ್ಕಿಗಳನ್ನು ಬೆಳಕಿನ ಬಾಣದಿಂದ ತೋರಿಸುತ್ತ ವಿವರಿಸುವುದು ಅವರ ಕೆಲಸ. ಸೂರ್ಯನಿಗೆ ಐದು ನಿಮಿಷ, ಚಂದ್ರನಿಗೆ ನಾಲ್ಕು ನಿಮಿಷ. ಶನಿಗ್ರಹ ಬಂತೆಂದರೆ ಗಡಿಯಾರಕ್ಕೇ ಸುಸ್ತು. ಅದರ ಬಳೆ, ಬಳೆಯೊಳಗಿನ ಬಳೆ, ಆ ಬಳೆಯಲ್ಲಿರುವ ಮಂಜುಗಡ್ಡೆಯ ಚೂರು, ಒಂದನ್ನೂ ಬಿಡುತ್ತಿರಲಿಲ್ಲ. ಹೀಗಾಗಿ ಸಹೋದ್ಯೋಗಿಗಳು ಅವರಿಗೆ ಶನಿ ಮಾಸ್ತರರೆಂದು ಹೆಸರಿಟ್ಟಿದ್ದರು. ಹೆಗಲೇರಿದರೆ ಇಳಿಯುವುದಿಲ್ಲ ಎಂಬ ಅರ್ಥವೂ ಅದರಲ್ಲಿ ಅಡಗಿತ್ತು. ಮಾಸ್ತರರು ಮಾತ್ರ ಅದನ್ನು ಬಿರುದೆಂದೇ ತಿಳಿದು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದರು.

ಚೀಟಿಯನ್ನು ಕಿತ್ತುಕೊಂಡು ಅವರು ನೇರ ನಿರ್ದೇಶಕಿಯ ಕೋಣೆಗೆ ನುಗ್ಗಿದರು. ನಿರ್ದೇಶಕಿ ಬಂದು ಆರು ತಿಂಗಳಾಗಿತ್ತು. ಆಕೆ ಏನು ಹೇಳಿದರೂ ನಗುನಗುತ್ತ ಹೇಳುತ್ತಿದ್ದರು. ಬೈದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಆ ನಗುವಿಗೆ ಇಡೀ ಕಚೇರಿ ಹೆದರುತ್ತಿತ್ತು.

“ನನ್ನ ಮೈಕು ಎಲ್ಲಿ ಮೇಡಂ?”

“ಕಪಾಟಿನಲ್ಲಿ ಭದ್ರವಾಗಿದೆ. ಕೂತ್ಕೊಳ್ಳಿ. ಇವತ್ತಿಂದ ಎಲ್ಲಾ ಶೋಗೂ ರೆಕಾರ್ಡ್ ಮಾಡಿದ ವಿವರಣೆ. ತರಬೇತಾದ ದನಿ. ಮೂವತ್ತೈದು ನಿಮಿಷಕ್ಕೆ ಸರಿಯಾಗಿ ಮುಗಿಯುತ್ತೆ. ನಿಮ್ಮ ಶೋ ಮುಗಿಯೋ ಹೊತ್ತಿಗೆ, ಹೊರಗೆ ಕಾಯ್ತಿರೋ ಮಕ್ಕಳು ಒಂದು ಕ್ಲಾಸು ಮುಂದೆ ಹೋಗಿರ್ತಾರೆ.”

“ಮತ್ತೆ ನಾನೇನು ಮಾಡ್ಲಿ?”

“ಗುಂಡಿ ಒತ್ತಬೇಕು.”

“ಅಷ್ಟೇನಾ?”

“ದೀಪಾನೂ ಆರಿಸಬೇಕು.”

“ಗುಂಡಿ ಒತ್ತೋಕೆ ಒಂದು ಬೆರಳು ಸಾಕು ಮೇಡಂ. ಪೂರ್ತಿ ಮನುಷ್ಯನನ್ನ ಯಾಕೆ ಇಟ್ಕೊಂಡಿದೀರಿ?”

“ಅದನ್ನೇ ನಾನೂ ಯೋಚಿಸ್ತಾ ಇದೀನಿ,” ಎಂದು ನಿರ್ದೇಶಕಿ ನಕ್ಕರು.

ಮಾಸ್ತರರು ಹೊರಗೆ ಬರುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಹೊರಗೆ ಬಂದಿತ್ತು. ಟಿಕೆಟ್ ಕಿಟಕಿಯಲ್ಲಿ ಕೂರುವ ಅಕ್ಕ, ವೈರು-ಯಂತ್ರಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ಕು, ಬಾಗಿಲ ಕಾವಲಿನವನು, ಮೂವರೂ ಕಾರಿಡಾರಿನಲ್ಲೇ ಸಭೆ ಸೇರಿದ್ದರು.

“ಹೊಟ್ಟೆನೋವು ಅಂತ ಮನೆಗೆ ಹೋಗ್ಬಿಡಿ ಮಾಸ್ತರ್ರೇ,” ಎಂದರು ಟಿಕೆಟ್ ಅಕ್ಕ. “ಎರಡು ದಿನ ಆದ್ಮೇಲೆ ಅವರೇ ಕೈಮುಗಿದು ಕರೀತಾರೆ.”

“ಕರೀದೇ ಇದ್ರೆ?” ಎಂದ ಕಾವಲಿನವನು. ಯಾವ ಮಾತಿನಲ್ಲೂ ಕೊಂಕು ಹುಡುಕುವುದು ಅವನ ಸ್ವಭಾವ.

“ಮೇಜಿನ ಕೆಳಗೆ ನಾಲ್ಕು ಪಿನ್ ಇದಾವೆ,” ಎಂದು ಮೆಕ್ಯಾನಿಕ್ಕು ಆಚೀಚೆ ನೋಡಿ ಪಿಸುಗುಟ್ಟಿದ. “ಅದರಲ್ಲಿ ಒಂದು ಆ ದನೀದು. ಯಾವುದು ಅಂತ ನಾನು ಹೇಳಲ್ಲ. ನನ್ನ ಹೆಸರು ಬರಬಾರದು.”

“ಯಾರ ಹೆಸರೂ ಬೇಕಾಗಿಲ್ಲ,” ಎಂದು ಮಾಸ್ತರರು ಗುಡುಗಿದರು. “ಇವತ್ತು ಆ ಗುಮ್ಮಟದಲ್ಲಿ ಒಂದೋ ಅದು ಮಾತಾಡಬೇಕು, ಇಲ್ಲಾ ನಾನು!”

ಹನ್ನೊಂದು ಗಂಟೆಯ ಪ್ರದರ್ಶನಕ್ಕೆ ಗುಮ್ಮಟ ತುಂಬಿಹೋಯಿತು. ಬೆಳಿಗ್ಗೆಯಿಂದ ಅಂಗಳದಲ್ಲಿ ಕಪ್ಪು ಗಾಜಿನ ದುರ್ಬೀನಿನಿಂದ ಸೂರ್ಯನನ್ನು ನೋಡಿ, ಕಾಗದದ ರಾಕೆಟ್ಟು ಹಾರಿಸಿ ಬೆವೆತಿದ್ದ ಅಪ್ಪ, ಅಮ್ಮ, ಅಜ್ಜಿ, ಮಕ್ಕಳೆಲ್ಲ ಕಾರ್ಯಕ್ರಮದ ಹಾಳೆಯಿಂದ ಗಾಳಿ ಬೀಸಿಕೊಳ್ಳುತ್ತ ಕುರ್ಚಿಗೆ ಒರಗಿದರು. ಮಾಸ್ತರರು ದೀಪ ಆರಿಸಿದರು. ಹಲ್ಲು ಕಚ್ಚಿಕೊಂಡು ಗುಂಡಿ ಒತ್ತಿದರು.

“ನಡುಗುವ ಚಳಿಯ ಈ ನೀರವ ಇರುಳಿನಲ್ಲಿ, ಓ ಮಾನವನೇ, ಶಿರವೆತ್ತಿ ನೋಡು!” ಎಂದಿತು ಒಂದು ದನಿ. ಜೇನು ಸುರಿದು ಅದರ ಮೇಲೆ ಬೆಣ್ಣೆ ಸವರಿದಂಥ ದನಿ.

ಜನ ಗಾಳಿ ಬೀಸಿಕೊಳ್ಳುವುದನ್ನು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಚಳಿಗಾಲಕ್ಕೆಂದು ಮಾಡಿದ್ದ ವಿವರಣೆಯನ್ನು ಬೇಸಿಗೆಗೆ ಅಂಟಿಸಿದ್ದರು! ದನಿ ನಿಲ್ಲಲಿಲ್ಲ. ‘ಅನಂತ’ ಎಂದಿತು, ‘ಅಗಮ್ಯ’ ಎಂದಿತು, ‘ಅನೂಹ್ಯ’ ಎಂದಿತು. ಹತ್ತು ನಿಮಿಷ ಕಳೆಯುವುದರೊಳಗೆ ಮಕ್ಕಳು ಕುರ್ಚಿಗೆ ಒದೆಯತೊಡಗಿದರು. ಮುಂದಿನ ಸಾಲಿನ ಅಜ್ಜಿಯೊಬ್ಬರ ಗೊರಕೆ ಗುಮ್ಮಟಕ್ಕೆ ತಾಗಿ, ಸುತ್ತಿ ಬಂದು, ಆಕಾಶಗಂಗೆಯೇ ಗೊರಕೆ ಹೊಡೆಯುತ್ತಿರುವಂತೆ ಕೇಳಿಸಿತು. ಅಷ್ಟರಲ್ಲಿ ಶನಿಗ್ರಹ ಮೂಡಿತು. “ಇದುವೇ ಶನಿ,” ಎಂದು ಹೇಳಿ ದನಿ ಮುಂದಕ್ಕೆ ಹೋಯಿತು.

ಎರಡೇ ಪದ! ಇಪ್ಪತ್ತೆರಡು ವರ್ಷ ತಾವು ಸಾಕಿ ಬೆಳೆಸಿದ ಗ್ರಹಕ್ಕೆ ಎರಡೇ ಪದ! ಮಾಸ್ತರರ ತಲೆಗೆ ರಕ್ತ ಏರಿತು. ಮೊಣಕಾಲೂರಿ ಮೇಜಿನ ಕೆಳಗೆ ನುಗ್ಗಿದರು. ವೈರುಗಳು ಹಾವಿನ ಮರಿಗಳಂತೆ ಹೆಣೆದುಕೊಂಡಿದ್ದವು. ಕೈಗೆ ಸಿಕ್ಕಿದ ಪಿನ್ ಎಳೆದರು. ಫ್ಯಾನುಗಳು ನಿಂತವು, ದನಿ ನಿಲ್ಲಲಿಲ್ಲ. ಇನ್ನೊಂದು ಎಳೆದರು. ಚುಕ್ಕಿಗಳೆಲ್ಲ ಒಮ್ಮೆಲೇ ನಂದಿಹೋದವು. ದನಿ ಇನ್ನೂ ಜೋರಾಯಿತೇನೋ ಎನಿಸಿತು. ಸಿಟ್ಟಿನಿಂದ ಉಳಿದ ಎರಡನ್ನೂ ಒಟ್ಟಿಗೆ ಕಿತ್ತರು. “ಈ ಬ್ರಹ್ಮಾಂ...” ಎಂದು ದನಿ ಅಲ್ಲೇ ಕತ್ತು ಮುರಿದುಕೊಂಡಿತು.

ಗವ್ವೆನ್ನುವ ಕತ್ತಲು. ಎಚ್ಚರಗೊಂಡ ಅಜ್ಜಿ, “ಅಯ್ಯೋ, ನನ್ನ ಕಣ್ಣು ಹೋಯ್ತು!” ಎಂದು ಕೂಗಿದರು. ಮಗುವೊಂದು ಅಳಲು ಶುರುಮಾಡಿತು. ಇನ್ನೂರು ಜನ ಒಟ್ಟಿಗೆ ಏಳುವ ಸದ್ದು ಕೇಳಿಸಿತು.

ಮೇಜಿನ ಕೆಳಗಿನಿಂದ ಎದ್ದ ಮಾಸ್ತರರ ತಲೆ ಮೇಜಿಗೆ ಟಣ್ಣೆಂದು ಬಡಿಯಿತು. ಮೈಕಿರಲಿಲ್ಲ, ಗಂಟಲಿತ್ತು.

“ಯಾರೂ ಏಳಬೇಡಿ!” ಎಂದರು. “ಕಣ್ಣು ಎಲ್ಲೂ ಹೋಗಿಲ್ಲ ಅಜ್ಜಿ. ನೀವು ಈಗ ನೋಡ್ತಿರೋದು ಸೂರ್ಯ, ಚಂದ್ರ, ಚುಕ್ಕಿ ಒಂದೂ ಹುಟ್ಟೋಕೆ ಮುಂಚಿನ ಕತ್ತಲು. ಇದನ್ನ ತೋರಿಸೋಕೆ ಬೇರೆ ಯಾವ ತಾರಾಲಯಕ್ಕೂ ಧೈರ್ಯ ಇಲ್ಲ!”

ಅಳುತ್ತಿದ್ದ ಮಗು ಅಳು ನಿಲ್ಲಿಸಿತು. ಮಾಸ್ತರರು ಜೇಬಿನಿಂದ ಟಾರ್ಚು ತೆಗೆದು ಬೆಳಗಿಸಿದರು.

“ಎರಡನೇ ಸಾಲಿನ ನೀಲಿ ಅಂಗಿಯವರೇ, ಬನ್ನಿ ಇಲ್ಲಿ. ನಾಚಿಕೆ ಬೇಡ. ಈ ಟಾರ್ಚು ಹಿಡ್ಕೊಳ್ಳಿ. ಇವತ್ತಿಂದ ನೀವೇ ಸೂರ್ಯ. ನಿಮ್ಮ ಮನೆಯವರು ಭೂಮಿ. ಅಮ್ಮಾ, ಇವರ ಸುತ್ತ ಒಂದು ಸುತ್ತು ಬನ್ನಿ.”

“ಹದಿನೈದು ವರ್ಷದಿಂದ ಇವರ ಸುತ್ತಾನೇ ಸುತ್ತುತ್ತಾ ಇದೀನಿ,” ಎಂದಳು ಆ ಹೆಂಗಸು. “ಒಂದು ದಿನ ಇವರು ಸುತ್ತಲಿ!”

ಗುಮ್ಮಟ ಹಾರಿಹೋಗುವಂತೆ ನಗು ಎದ್ದಿತು. “ಹಿಂದಿನ ಕಾಲದಲ್ಲಿ ದೊಡ್ಡ ದೊಡ್ಡ ಪಂಡಿತರೂ ನಿಮ್ಮ ಪಕ್ಷಾನೇ ಇದ್ರಮ್ಮಾ,” ಎಂದು ಮಾಸ್ತರರು ಒಪ್ಪಿಸಿ ಸುತ್ತಿಸಿದರು. ಚಂದ್ರನಾಗಲು ಮಗಳನ್ನು ಕರೆದರೆ, ಅವಳ ಕೈಬಿಡದ ಪುಟ್ಟ ತಮ್ಮನೂ ಜೊತೆಗೆ ಬಂದ. “ಪರವಾಗಿಲ್ಲ, ಇವತ್ತೊಂದು ದಿನ ನಮ್ಮ ಭೂಮಿಗೆ ಎರಡು ಚಂದ್ರ!” ಎಂದರು. ಗೊರಕೆಯ ಅಜ್ಜಿಯನ್ನು ನಡುವೆ ನಿಲ್ಲಿಸಿ, ಸುತ್ತಲೂ ಮೂವತ್ತು ಮಕ್ಕಳ ಕೈಗೆ ಕೈ ಸೇರಿಸಿ ಓಡಿಸಿದರು. ಅಜ್ಜಿ ಶನಿಗ್ರಹವಾಗಿ ಸೊಂಟದ ಮೇಲೆ ಕೈಯಿಟ್ಟು ಗತ್ತಿನಿಂದ ನಿಂತರು. ಪ್ರದರ್ಶನ ಮುಗಿದಾಗ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು.

ದೀಪ ಹಚ್ಚಿದ ಮೇಲೆ ಮಾಸ್ತರರಿಗೆ ಕಂಡದ್ದು ಕೊನೆಯ ಸಾಲಿನಲ್ಲಿ ಕೂತಿದ್ದ ನಿರ್ದೇಶಕಿ. ಕೈಯಲ್ಲಿ ಮೊಬೈಲು. “ಪೂರ್ತಿ ರೆಕಾರ್ಡ್ ಮಾಡ್ಕೊಂಡಿದೀನಿ,” ಎಂದರು. “ವಿಚಾರಣೆಗೆ ಸಾಕ್ಷಿ ಬೇಕಲ್ಲ. ಮೂರು ಗಂಟೆಗೆ ನನ್ನ ಕೋಣೆಗೆ ಬನ್ನಿ.” ನಗುತ್ತಲೇ ಹೇಳಿದರು.

ಮಧ್ಯಾಹ್ನ ಮಾಸ್ತರರ ಊಟದ ಡಬ್ಬಿಯ ಸುತ್ತ ಮತ್ತೆ ಸಭೆ ಸೇರಿತು.

“ಕಾಲಿಗೆ ಬಿದ್ದುಬಿಡಿ,” ಎಂದರು ಟಿಕೆಟ್ ಅಕ್ಕ.

“ಬಿದ್ರೆ ಎದ್ದೇಳೋಕೆ ಬಿಡ್ತಾರಾ?” ಎಂದ ಕಾವಲಿನವನು.

ಮಾಸ್ತರರು ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಹಾಳೆ ತೆಗೆದುಕೊಂಡು ರಾಜೀನಾಮೆ ಬರೆದರು. ಬರೆಯುತ್ತ ಬರೆಯುತ್ತ ಶನಿಗ್ರಹದ ವಿಷಯವೂ ಬಂದು ನಾಲ್ಕು ಪುಟವಾಯಿತು. ಮೂರು ಗಂಟೆಗೆ ಅದನ್ನು ನಿರ್ದೇಶಕಿಯ ಮೇಜಿನ ಮೇಲೆ ಬಡಿದರು.

“ಪಿನ್ ಕಿತ್ತಿದ್ದು ನಾನೇ. ತಪ್ಪು ಅಂತ ಅನ್ನಿಸಿಲ್ಲ, ಅನ್ನಿಸೋದೂ ಇಲ್ಲ. ನಾಳೆ ಮತ್ತೆ ಆ ದನಿ ಹಾಕಿದ್ರೆ ನಾಳೇನೂ ಕೀಳ್ತೀನಿ. ಬೆವರು ಸುರಿಸ್ತಾ ಕೂತಿರೋ ಜನಕ್ಕೆ ಚಳಿ ಅನ್ನೋ ದನಿಗೆ ನಾನು ಆಳಾಗಿರಲ್ಲ. ಕೆಲಸ ಹೋದ್ರೆ ಹೋಗ್ಲಿ, ಬೀದೀಲಿ ನಿಂತು ಆಕಾಶ ತೋರಿಸ್ತೀನಿ. ಅಲ್ಲಿರೋದು ನಿಜವಾದ ಆಕಾಶ!”

ನಿರ್ದೇಶಕಿ ರಾಜೀನಾಮೆಯನ್ನು ಮುಟ್ಟಲಿಲ್ಲ. ಬದಲಿಗೆ ಒಂದು ಕಟ್ಟು ಕಾಗದ ಮುಂದಿಟ್ಟರು. ಬೆಳಿಗ್ಗೆ ಬಂದಿದ್ದವರು ಬರೆದುಹೋದ ಅಭಿಪ್ರಾಯಗಳು. ಎಲ್ಲವೂ ಹೊಗಳಿಕೆ. ಒಂದರಲ್ಲಿ ನಡುಗುವ ಅಕ್ಷರಗಳಲ್ಲಿ, ‘ನಾನೇ ಶನಿ. ಮತ್ತೆ ಬರುತ್ತೇನೆ’ ಎಂದಿತ್ತು.

“ನಾನು ತಪ್ಪು ಮಾಡಿದೆ ಮಾಸ್ತರ್ರೇ,” ಎಂದರು ನಿರ್ದೇಶಕಿ. ಮೊದಲ ಬಾರಿಗೆ ಅವರ ಮುಖದಲ್ಲಿ ನಗುವಿರಲಿಲ್ಲ. “ಮೊಬೈಲಲ್ಲಿ ಮತ್ತೆ ಕೇಳಿದೆ. ಅಂಥ ದನಿ ದುಡ್ಡು ಕೊಟ್ರೂ ಸಿಗಲ್ಲ. ಆ ಹಳೇ ವಿವರಣೆ ತೆಗೆಸಿಬಿಟ್ಟಿದೀನಿ. ಇನ್ಮುಂದೆ ಈ ಗುಮ್ಮಟದಲ್ಲಿ ನಿಮ್ಮ ದನಿ ಬಿಟ್ಟು ಬೇರೆ ಯಾರ ದನೀನೂ ಕೇಳಿಸಲ್ಲ. ಇದು ನನ್ನ ಮಾತು.”

ಮಾಸ್ತರರ ಕಣ್ಣು ತೇವವಾಯಿತು. ನಾಲ್ಕು ಪುಟದ ರಾಜೀನಾಮೆಯನ್ನು ಅಲ್ಲೇ ಹರಿದು ಜೇಬಿಗೆ ಹಾಕಿಕೊಂಡರು. ಕಾರಿಡಾರಿನಲ್ಲಿ ಅವರು ನಡೆದ ನಡಿಗೆಗೆ ನೆಲಹಾಸಿನ ಕಲ್ಲುಗಳೇ ಎದ್ದು ದಾರಿ ಬಿಡಬೇಕಿತ್ತು. “ಗೆದ್ದೆ!” ಎಂದು ಟಿಕೆಟ್ ಕಿಟಕಿಯೊಳಗೆ ತಲೆ ತೂರಿಸಿ ಕೂಗಿದರು. “ಇವತ್ತು ಐದು ಗಂಟೆ ಶೋನಲ್ಲಿ ಶನಿಗೆ ಅರ್ಧ ಗಂಟೆ!”

ಐದು ಗಂಟೆಗೆ ಗುಮ್ಮಟ ಮತ್ತೆ ತುಂಬಿತು. ಮಾಸ್ತರರು ಗಂಟಲು ಸರಿಮಾಡಿಕೊಂಡು ದೀಪ ಆರಿಸಿ, ಬಾಯಿ ತೆರೆದರು. ಅವರು ಮಾತಾಡುವ ಮುಂಚೆಯೇ ಅವರ ದನಿ ಗುಮ್ಮಟದ ತುಂಬ ಮೊಳಗಿತು.

“ಯಾರೂ ಏಳಬೇಡಿ! ನೀವು ಈಗ ನೋಡ್ತಿರೋದು ಸೂರ್ಯ, ಚಂದ್ರ, ಚುಕ್ಕಿ ಒಂದೂ ಹುಟ್ಟೋಕೆ ಮುಂಚಿನ ಕತ್ತಲು...”

ಮಾಸ್ತರರು ತೆರೆದ ಬಾಯಿ ಮುಚ್ಚಲು ಮರೆತರು. ಗುಂಡಿ ಇದ್ದ ಕಡೆ ಕೈಯಾಡಿಸಿದರೆ ಗುಂಡಿಯೂ ಇರಲಿಲ್ಲ. ಮೆಕ್ಯಾನಿಕ್ಕು ಮಧ್ಯಾಹ್ನವೆಲ್ಲ ಕೂತು ನಿರ್ದೇಶಕಿಯ ಮೊಬೈಲಿನಿಂದ ದನಿ ಇಳಿಸಿ, ಮೂವತ್ತೈದು ನಿಮಿಷಕ್ಕೆ ಕತ್ತರಿಸಿ, ದೀಪ ಆರಿದೊಡನೆ ತಾನೇ ಶುರುವಾಗುವಂತೆ ಜೋಡಿಸಿಟ್ಟಿದ್ದ. ಗುಂಡಿ ಒತ್ತುವ ಕೆಲಸವೂ ಉಳಿದಿರಲಿಲ್ಲ.

“ಎರಡನೇ ಸಾಲಿನ ನೀಲಿ ಅಂಗಿಯವರೇ, ಬನ್ನಿ ಇಲ್ಲಿ. ನಾಚಿಕೆ ಬೇಡ,” ಎಂದಿತು ದನಿ.

ಎರಡನೇ ಸಾಲಿನಲ್ಲಿ ನಿಜಕ್ಕೂ ಒಬ್ಬ ನೀಲಿ ಅಂಗಿಯವನಿದ್ದ. ಹೆದರುತ್ತ ಹೆದರುತ್ತ ಎದ್ದ.

“ಕೂತ್ಕೊಳ್ಳಿ ಸಾರ್, ನಿಮ್ಮನ್ನಲ್ಲ!” ಎಂದು ಮಾಸ್ತರರು ಕತ್ತಲಲ್ಲಿ ಕೂಗಿದರು.

“ಇವತ್ತಿಂದ ನೀವೇ ಸೂರ್ಯ,” ಎಂದಿತು ದನಿ. ಎದ್ದವನು ಕೂರಬೇಕೋ ಬೆಳಗಬೇಕೋ ತಿಳಿಯದೆ ಅರ್ಧಕ್ಕೆ ಬಾಗಿ ನಿಂತ.

ಅದನ್ನೂ ಮಾಸ್ತರರು ನುಂಗಿಕೊಳ್ಳುತ್ತಿದ್ದರೇನೋ. ಆದರೆ ಮೆಕ್ಯಾನಿಕ್ಕಿನ ಕತ್ತರಿ ಮಾತುಗಳ ತಲೆ-ಬಾಲವನ್ನೆಲ್ಲ ತೆಗೆದುಹಾಕಿತ್ತು. “ನಮ್ಮ ಭೂಮಿಗೆ ಎರಡು ಚಂದ್ರ!” ಎಂದು ದನಿ ಸಾರಿತು. ಇನ್ನೂರು ಜನ “ಓಹೋ!” ಎಂದು ತಲೆದೂಗಿದರು.

“ಒಂದೇ!” ಎಂದು ಮಾಸ್ತರರು ಚೀರಿದರು. “ಸುಳ್ಳು! ಭೂಮಿಗೆ ಒಂದೇ ಚಂದ್ರ! ಅವನ ಮಾತು ನಂಬಬೇಡಿ!”

“ಯಾರ್ರೀ ಅದು?” ಎಂದಿತು ಒಂದು ಗಂಡುದನಿ. “ಗೊತ್ತಿರೋರು ಹೇಳ್ತಿದಾರೆ, ನಡುವೆ ಬಾಯಿ ಹಾಕ್ತಾರೆ.”

“ಶ್ಶ್! ಸುಮ್ನಿರಿ!” ಎಂದು ಎಲ್ಲ ಕಡೆಯಿಂದಲೂ ಬಂತು.

“ಹೇಳ್ತಿರೋನೂ ನಾನೇ ಕಣ್ರೀ!”

ಅಷ್ಟರಲ್ಲಿ ಕಾವಲಿನವನ ಟಾರ್ಚು ಮುಖದ ಮೇಲೆ ಬಿತ್ತು. ಅವನು ಸಂಕೋಚದಿಂದ ಮಾಸ್ತರರ ತೋಳು ಹಿಡಿದ. “ಬನ್ನಿ ಮಾಸ್ತರ್ರೇ. ವಿವರಣೆ ನಡೆಯುವಾಗ ಮಾತಾಡಿದೋರನ್ನ ಹೊರಗೆ ಕಳಿಸಬೇಕು ಅಂತ ನಿಯಮ. ನಾನೇನ್ ಮಾಡ್ಲಿ?”

“ಬಿಡಲ್ಲ! ನಾಳೆ ಮತ್ತೆ ಪಿನ್ ಕೀಳ್ತೀನಿ!” ಎಂದು ಮಾಸ್ತರರು ಬಾಗಿಲವರೆಗೂ ಕೂಗುತ್ತಲೇ ಹೋದರು. ಅವರ ದನಿ ಅವರ ಬೆನ್ನ ಹಿಂದೆ ಶನಿಯ ಬಳೆಗಳನ್ನು ನಿರಾತಂಕವಾಗಿ ವರ್ಣಿಸುತ್ತಿತ್ತು.

ಪ್ರದರ್ಶನ ಮುಗಿದು ಜನ ಹೊರಬಂದಾಗ ಅವರು ಹಜಾರದ ಬೆಂಚಿನ ಮೇಲೆ ತೋಳು ಕಟ್ಟಿ, ಗಲ್ಲ ಮೇಲೆತ್ತಿ ಕೂತಿದ್ದರು. ಎರಡು ಮಕ್ಕಳ ಕೈಹಿಡಿದುಕೊಂಡು ಬಂದ ಒಬ್ಬ ತಾಯಿ ಅವರೆದುರು ನಿಂತಳು.

“ಒಳಗೆ ಗಲಾಟೆ ಮಾಡಿದ್ದು ನೀವೇ ತಾನೇ? ಅಷ್ಟು ಚೆನ್ನಾಗಿ ಹೇಳ್ತಿದ್ರು ಆ ಮಾಸ್ತರ್ರು. ನಿಮಗೆ ವಯಸ್ಸಾಗಿದೆ, ತಿಳಿಯೋದಿಲ್ವಾ? ಹೋಗಿ ಅವರ ಹತ್ರ ಕ್ಷಮೆ ಕೇಳಿ.”

ಮಾಸ್ತರರು ಅವಳನ್ನು ದಿಟ್ಟಿಸಿ ನೋಡಿದರು.

“ಕೇಳಲ್ಲ ತಾಯಿ,” ಎಂದರು. “ಕೇಳಿದ್ರೂ ಪ್ರಯೋಜನ ಇಲ್ಲ. ಆ ಮನುಷ್ಯನನ್ನ ನಾನು ಬಲ್ಲೆ. ಬಲು ಹಟಮಾರಿ. ಇನ್ನೊಬ್ಬರ ಮಾತು ಕೇಳೋ ಆಸಾಮಿಯೇ ಅಲ್ಲ!”