ಸೋದರತ್ತೆಯನ್ನು ನಾಲ್ಕು ಕಾಲಲ್ಲಿ ಓಡಿಸಿದ ರೆಕಾರ್ಡರ್ ಮಹಾಶಯರಿಗೆ

ನನ್ನ ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆಯಾಗಿ ವಿರಾಜಿಸುತ್ತ, ಅರ್ಧ ಗಂಟೆಗೊಂದು ಚಿತ್ರ ಹಿಡಿದು, ನನ್ನ ಎಂಟು ತಿಂಗಳ ಬೆವರನ್ನು ಒಂದೂವರೆ ನಿಮಿಷದ ಟೈಮ್‌ಲ್ಯಾಪ್ಸ್ ವಿಡಿಯೋ ಆಗಿ ಹಿಂಡಿಕೊಟ್ಟ ಮಾನ್ಯರೇ,

ಕಡಲ ನಡುವಿನ ದ್ವೀಪದೂರು ನುಕುಅಲೋಫಾದ ಅನಿಮೇಶನ್ ಕಲಾವಿದ ಕೆಪುವೇಲಿಯ ತಲೆಬಾಗಿದ ವಂದನೆಗಳು. ತಲೆ ಎತ್ತುವ ಸ್ಥಿತಿಯನ್ನು ತಾವು ಉಳಿಸಿಲ್ಲ.

ಕಡಲು ಇಳಿದ ಹೊತ್ತಿನಲ್ಲಿ ನೀರಿಗಿಳಿದು ಮೀನು ಹಿಡಿಯುವ ನಮ್ಮೂರ ಹಂದಿಗಳ ಮೇಲೆ ಅನಿಮೇಶನ್ ಸ್ಪರ್ಧೆಗೆಂದು ನಾನೊಂದು ಕಿರುಚಿತ್ರ ಮಾಡಿದ್ದೂ, ಅದನ್ನು ಯಂತ್ರವಲ್ಲ, ನಾನೇ ಕೈಯಾರೆ ಬರೆದದ್ದೆಂಬುದಕ್ಕೆ ಸಾಕ್ಷಿಯಾಗಿ ಸ್ಪರ್ಧೆಯವರು ಟೈಮ್‌ಲ್ಯಾಪ್ಸ್ ಕೇಳಿದ್ದೂ ತಮಗೆ ತಿಳಿದದ್ದೇ. ಹಂದಿಯ ನಡಿಗೆ ಕೈಗೆ ಹತ್ತದೆ, ಯಾರಾದರೂ ನಡೆದು ತೋರಿಸಿದರೆ ಆ ವಿಡಿಯೋವನ್ನು ಪರದೆಯ ಮೂಲೆಯಲ್ಲಿಟ್ಟುಕೊಂಡು ಬರೆಯೋಣವೆಂದು, ಚರ್ಚಿನ ಗಾಯನವೃಂದದ ಯಜಮಾನಿ, ನನ್ನ ಸೋದರತ್ತೆ ಮೆಲೆನೈತೆಯವರ ಕಾಲು ಹಿಡಿದೆ. ಸೋದರತ್ತೆಯೆಂದರೆ ನಮ್ಮಲ್ಲಿ ಅಪ್ಪನಿಗಿಂತ ಒಂದು ಮೆಟ್ಟಿಲು ಮೇಲೆ. ಅವರು ಬಂದು ಕೂರದೆ ಮನೆಯಲ್ಲಿ ಮದುವೆ ಆಗುವುದಿಲ್ಲ. ಅಂಥವರು "ಯಾರಿಗಾದ್ರೂ ತೋರ್ಸಿದ್ಯೋ, ಹಂದಿ ಜೊತೆ ನಿನ್ನನ್ನೂ ನೆಲದೊಲೆಗೆ ಇಳಿಸಿ ಸುಡ್ತೀನಿ" ಎಂದು ಎಚ್ಚರಿಸಿ, "ಕ್ಯಾಮೆರಾ ಮುಂದೆ ಬರೀ ಸೊಂಟದಲ್ಲಿ ಹೋಗೋಕಾಗುತ್ತೇನೋ?" ಎಂದು, ನಾವು ಚರ್ಚಿಗೂ ಮದುವೆಗೂ ಬಟ್ಟೆಯ ಮೇಲೆ ಸುತ್ತಿಕೊಳ್ಳುವ ಮರ್ಯಾದೆಯ ಚಾಪೆಯನ್ನು ಸೊಂಟಕ್ಕೆ ಬಿಗಿದುಕೊಂಡೇ ಅಂಗಳದಲ್ಲಿ ಹಂದಿಯಾದರು.

ನಾನು ಬರೆಯುವ ಹಾಳೆಯನ್ನಷ್ಟೇ ನೋಡಿಕೊಳ್ಳಿ ಎಂದು ತಮಗೆ ಹೇಳಲು ಮರೆತದ್ದು ನನ್ನ ತಪ್ಪು. ತಾವೋ ಸಮದರ್ಶಿಗಳು, ಮೂಲೆಯ ಅತ್ತೆಯನ್ನೂ ಬಿಡದೆ ಇಡೀ ಪರದೆಯನ್ನು ಸೆರೆಹಿಡಿದಿರಿ. ಒಂದೊಂದು ಹೆಜ್ಜೆಯನ್ನೂ ನಾನು ಹಿಂದೆಮುಂದೆ ಎಳೆದೆಳೆದು ನೋಡಿದ ಎಂಟು ತಿಂಗಳು ತಮ್ಮ ಕೃಪೆಯಿಂದ ಒಂದೂವರೆ ನಿಮಿಷವಾದಾಗ, ಅತ್ತೆ ಬಾಲಕ್ಕೆ ಏಡಿ ಕಚ್ಚಿದವರಂತೆ ಅತ್ತೊಮ್ಮೆ ಇತ್ತೊಮ್ಮೆ ಧಾವಿಸಿದರು. ಗಡುವಿಗೆ ಹತ್ತು ನಿಮಿಷವಿದ್ದುದರಿಂದ ನಾನು ಆ ವಿಡಿಯೋವನ್ನು ನೋಡದೆಯೇ ಕಳಿಸಿದೆ. ಸ್ಪರ್ಧೆಯವರು ನನ್ನ ಚಿತ್ರವನ್ನು ಬದಿಗಿಟ್ಟು ಅದನ್ನೇ ಲೋಕಕ್ಕೆ ಹಂಚಿದರು. ಈಗ ಊರಿನ ಮಕ್ಕಳೆಲ್ಲ ಸೊಂಟಕ್ಕೆ ಚಾಪೆ ಸುತ್ತಿಕೊಂಡು ಅಂಬೆಗಾಲಿಡುತ್ತಿವೆ.

ಬರುವ ಶನಿವಾರ ನನ್ನ ತಂಗಿಯ ಮದುವೆ. ಅತ್ತೆ ನಾಲ್ಕು ದಿನ ಬಾಗಿಲು ಹಾಕಿಕೊಂಡು ಕೂತರು. "ಅಕ್ಕ ಬರ್ಲಿಲ್ಲ ಅಂದ್ರೆ ನೀನೂ ಈ ಕಡೆ ತಲೆ ಹಾಕ್ಬೇಡ" ಎಂದರು ಅಪ್ಪ. ನಿನ್ನೆ ಕೊನೆಗೂ ಅತ್ತೆ ಹೇಳಿಕಳಿಸಿದರು: "ನಲವತ್ತು ಸಲ ನೋಡ್ದೆ ಕಣೋ. ನಾನು ಸರಿಯಾಗೇ ನಡ್ದಿದೀನಿ. ನಿನ್ನ ಹಂದಿಗೇ ಹಿಂಗಾಲು ಸೊಟ್ಟ. ನೋಡ್ದೋರು ನಾನು ಹೇಳ್ಕೊಟ್ಟಿದ್ದೇ ಹಾಗೆ ಅಂದ್ಕೊಳಲ್ವಾ? ಪೂರ್ತಿ ತಿದ್ದಿ ತೋರ್ಸು, ಆಮೇಲೆ ಮದ್ವೆಗೆ ಬರ್ತೀನಿ."

ಆದಕಾರಣ, ತಮ್ಮ ಅಪಾರ ಸಾಮರ್ಥ್ಯವನ್ನು ಈ ಒಂದು ಸಲ ಮುಗಿದ ಕೆಲಸದ ಮೇಲೆ ಬಿಟ್ಟು, ಮಾಡಬೇಕಾದ ಕೆಲಸದ ಮೇಲೆ ತೋರಿಸಿ, ಎಂಟು ತಿಂಗಳನ್ನು ಶನಿವಾರದೊಳಗೆ ಮುಗಿಸಿಕೊಡಬೇಕೆಂದು ಪ್ರಾರ್ಥನೆ. ಆಗದಿದ್ದರೆ, ಶನಿವಾರವನ್ನಾದರೂ ಎಂಟು ತಿಂಗಳಷ್ಟು ಹಿಗ್ಗಿಸಿಕೊಡಿ.

ಬೇರೆ ದಾರಿಯಿಲ್ಲದೆ ಇನ್ನೂ ತಮ್ಮ ವಿಶ್ವಾಸಿ,
ಕೆಪುವೇಲಿ

ಮರೆತ ಮಾತು: ಹಿಂಗಾಲು ಕಲಿಸಲು ಅತ್ತೆಯೇ ಬಂದು, ಮದುವೆಗೆಂದು ತೆಗೆದಿಟ್ಟ ಅಜ್ಜಿಯ ಕಾಲದ ಚಾಪೆ ಬಿಗಿದು ಅಂಗಳಕ್ಕಿಳಿದಿದ್ದಾರೆ. ಈ ಸಲ ತಮ್ಮ ವಿಡಿಯೋದಲ್ಲಿ ಅವರು ಪರದೆ ತುಂಬ ಬರಬೇಕಂತೆ. ನನ್ನ ಚಿತ್ರ ಮೂಲೆಯಲ್ಲಿದ್ದರೆ ಸಾಕಂತೆ.