ಎರಡು ಕಿಲೋ ಕೋಳಿ, ಅರವತ್ತು ಕಿಲೋ ಲಗಮಪ್ಪ

ಕೋಗಿಲಬನದ ಕಾಡಂಚಿನಿಂದ ತಾನೇ ಕಿತ್ತು ತಂದ ಅಣಬೆಯನ್ನು ಲಗಮಪ್ಪ ಬೆಳಿಗ್ಗೆಯೇ ಪಲ್ಯ ಮಾಡಿಕೊಂಡು ಎರಡು ರೊಟ್ಟಿಯ ಜೊತೆ ತಿಂದಿದ್ದ. ಹೆಂಡತಿ ದುರ್ಗವ್ವ ಹಳಿಯಾಳದ ತವರಿಗೆ ಹೋಗಿದ್ದಳು. ಉಳಿದ ಹಸಿ ಅಣಬೆಯನ್ನು ಪಕ್ಕದ ಮನೆಯ ಗೋದುಬಾಯಿಗೆ ಕೊಟ್ಟು ಬರುವಷ್ಟರಲ್ಲಿ ಎದುರುಮನೆಯ ಅಡಿವೆಯ್ಯ ಬಂದು ಬಾಣಲೆಯೊಳಗೆ ಇಣುಕುತ್ತಿದ್ದರು. ಔಷಧಿ ಕಂಪನಿಯಲ್ಲಿ ಹತ್ತು ವರ್ಷ ಇಲಿಗಳಿಗೆ ಮದ್ದು ತಿನ್ನಿಸಿ, ಸತ್ತವೆಷ್ಟು ಬದುಕಿದವೆಷ್ಟು ಎಂದು ಬರೆದಿಟ್ಟವರು ಅವರು.

"ಇಂಥಾ ಅಣಬಿ ನಾ ನೋಡೇ ಇಲ್ಲ. ತಿಂದಿ ಏನು?"

ಲಗಮಪ್ಪ ಗಡಬಡಿಸಿ ಚಪ್ಪಲಿ ಮೆಟ್ಟಿದ. "ಅಯ್ಯನವರ, ದವಾಖಾನಿಗೆ ಹೋಗೂಣು ನಡೀರಿ."

"ವಿಷಾ ಹೌದೋ ಅಲ್ಲೋ ಗೊತ್ತಿಲ್ದ ಹೋಗಿ ಏನ್ ಹೇಳ್ತಿ? ಮೊದಲ ಕೋಳಿಗೆ ಹಾಕಿ ನೋಡೂಣು. ತಾಸಿನ ಕೆಲಸ."

ಹಿತ್ತಲಿನ ಕೋಳಿಗಳೆಲ್ಲ ದಿಕ್ಕಾಪಾಲಾಗಿ ಓಡಿದವು. ಮೂಲೆಯಲ್ಲಿ ಕೂತಿದ್ದ ಕೆಂಪು ಕೋಳಿಯೊಂದೇ ಸಿಕ್ಕಿತು. ಅಡಿವೆಯ್ಯ ಅದರ ಕಾಲಿಗೆ ಗುರುತಿನ ದಾರ ಕಟ್ಟಿ, ಮುಂದೆ ಬಾಣಲೆಯಲ್ಲಿ ಉಳಿದಿದ್ದ ಪಲ್ಯ ಸುರಿದು, ಬುಟ್ಟಿ ಮುಚ್ಚಿ ಗಡಿಯಾರ ನೋಡಿದರು.

ಒಂದು ತಾಸಿನ ಮೇಲೆ ಬುಟ್ಟಿ ಎತ್ತಿದರೆ ಪಲ್ಯ ಕಾಣಲಿಲ್ಲ. ಕೋಳಿ ಮೈ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ, ಕೂತಲ್ಲೇ ನರಳುತ್ತಿತ್ತು. ಮುಟ್ಟಿದರೆ ಹೊಟ್ಟೆ ಸುಡುತ್ತಿತ್ತು.

"ಕೋಳಿ ಎರಡು ಕಿಲೋ, ನೀ ಅರವತ್ತು," ಎಂದು ಅಡಿವೆಯ್ಯ ಸಮಾಧಾನ ಹೇಳಿದರು. "ಅದಕ್ಕ ಒಂದು ತಾಸು ಹಿಡೀತು. ನಿನಗ ಇನ್ನೂ ಮೂವತ್ತು ತಾಸು ಸಿಗತಾವು."

ಲಗಮಪ್ಪ ಕೋಳಿಯ ಎದುರು ಕುಸಿದು ಕೂತ. ಅದು ಕಣ್ಣು ಮುಚ್ಚಿದಾಗಲೆಲ್ಲ ಇವನ ಉಸಿರು ನಿಲ್ಲುತ್ತಿತ್ತು, ತೆರೆದಾಗ ಬರುತ್ತಿತ್ತು. ದುರ್ಗವ್ವನ ಮುಖ ನೋಡದೆ ಸಾಯುತ್ತೇನಲ್ಲ ಎಂದು ಅಳು ಒತ್ತರಿಸಿ ಬಂತು. ಗೋಡೆಯಾಚೆ ಗೋದುಬಾಯಿ ತನ್ನ ಪಲ್ಯದ ಪಾತ್ರೆಯನ್ನು ಒಲೆಯಿಂದ ಇಳಿಸಿ, ಮುಚ್ಚಿಟ್ಟು, ಇಣುಕುತ್ತ ನಿಂತಳು.

ಕೊನೆಗೆ ಆಟೋಗೆ ಹೇಳಿ ಕಳಿಸುವಾಗಲೇ ದುರ್ಗವ್ವ ಚೀಲ ಹಿಡಿದುಕೊಂಡು ಬಂದಳು. ಕತೆ ಕೇಳಿ, ಕೋಳಿ ನೋಡಿ, ಹಣೆ ಚಚ್ಚಿಕೊಂಡಳು.

"ಇದು ನಾಕ್ ದಿನದಿಂದ ಕಾವಿಗೆ ಕುಂತೈತಿ. ಕಾವಿಗೆ ಕುಂತ ಕೋಳಿ ಹಿಂಗ ನರಳತೈತಿ, ಮೈ ಕಾಯತೈತಿ. ಮುಂದಿಟ್ಟ ಕಾಳು ಸುದ್ದಾ ಮುಟ್ಟಂಗಿಲ್ಲ."

ಅವಳು ಕೋಳಿಯನ್ನು ಎತ್ತಿದಳು. ಅಡಿಯಲ್ಲಿ ಪಲ್ಯ ಅಷ್ಟೂ ಬೆಚ್ಚಗೆ ಕೂತಿತ್ತು.

ಲಗಮಪ್ಪ ಹೋದ ಜೀವ ಬಂದಂತೆ ಎದ್ದು ನಿಂತ. ಅಡಿವೆಯ್ಯ ಮಾತ್ರ ನಗಲಿಲ್ಲ.

"ಹಂಗಾರ ಕೋಳಿ ತಿಂದೇ ಇಲ್ಲ," ಎಂದರು. "ತಿಂದಾವ ನೀ ಒಬ್ಬನ."

ಕೋಳಿಯ ಕಾಲಿನ ದಾರ ಬಿಚ್ಚಿ ಅವನ ಕಾಲಿಗೆ ಕಟ್ಟಿ, ಮತ್ತೆ ಗಡಿಯಾರ ನೋಡಿದರು.

ಗೋಡೆಯಾಚೆಯಿಂದ ಗೋದುಬಾಯಿ ಹೇಳಿದಳು: "ಸಂಜೀತನಕ ಅಲ್ಲೇ ಕುಂದರ್ರಿ ಅಣ್ಣಾರ. ನನ್ನ ಪಲ್ಯ ಇನ್ನೂ ಚೆಲ್ಲಿಲ್ಲ."