ಅವ್ವನ ಮೊಣಕಾಲು ಮನೆಗೆ ಬಂದದ್ದು

ನಮ್ಮ ಮನೆಯಲ್ಲಿ ಯಾವ ಕೆಲಸವೂ ನೆಟ್ಟಗೆ ಆದದ್ದಿಲ್ಲ. ಶುರುವಾಗುವುದೇನೋ ಗಂಭೀರವಾಗಿಯೇ. ನಡುವೆ ಯಾರೋ ಒಬ್ಬರು ಬಾಯಿ ತೆರೆಯುತ್ತಾರೆ, ಅಲ್ಲಿಗೆ ಮುಗಿಯಿತು. ಅವ್ವನ ಮೊಣಕಾಲಿನ ಆಪರೇಷನ್ನಿಗೂ ಅದೇ ಗತಿಯಾಯಿತು.

ನಾನು ದಾವಣಗೆರೆಯಲ್ಲಿ ಟೇಲರ್. ಮಷಿನ್ ಮುಂದೆ ಕೂತರೆ ಕಾಲು ತುಳಿಯುತ್ತಿರುತ್ತದೆ, ಮನಸ್ಸು ಎಲ್ಲೋ ತೇಲುತ್ತಿರುತ್ತದೆ. ಒಂದು ಪ್ಯಾಂಟು ಹೊಲಿಯುವುದರೊಳಗೆ ಮೂರು ಕನಸು ಕಾಣುತ್ತೇನೆ ಅಂತ ನನ್ನ ಹೆಂಡತಿಯ ದೂರು. ಆ ದಿನಗಳಲ್ಲಿ ಮಾತ್ರ ನನಗೆ ಇದ್ದದ್ದು ಒಂದೇ ಕನಸು. ಎಳೆಬಿಸಿಲಿನಲ್ಲಿ ಅವ್ವ ಗೋಡೆ ಹಿಡಿಯದೆ, 'ಅಯ್ಯಪ್ಪಾ' ಅನ್ನದೆ, ದೇವರಾಜ ಅರಸು ಬಡಾವಣೆಯ ನಮ್ಮ ಬೀದಿಯಲ್ಲಿ ನಿಧಾನಕ್ಕೆ ನಡೆದು ಹೋಗುತ್ತಿದ್ದಾಳೆ.

ಅವ್ವ ಆಪರೇಷನ್ನನ್ನು ಮುಂದೂಡುತ್ತಲೇ ಬಂದಿದ್ದಳು. ಕತ್ತರಿಗೆ ಹೆದರಿ ಅಲ್ಲ. ಆಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವಂತಿಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ಇಷ್ಟಲಿಂಗದ ಪೂಜೆ ಆಗದೆ ಅವ್ವ ಬಾಯಿಗೆ ಹನಿ ನೀರು ಹಾಕುವವಳಲ್ಲ, ಆ ಪೂಜೆಗೆ ಅವಳು ಕೂರುವುದು ನೆಲದ ಮೇಲೇ.

"ಕುರ್ಚಿ ಮ್ಯಾಲೆ ಕುಂತು ಪೂಜೆ ಮಾಡಾಕೆ ಇದೇನು ಆಫೀಸೇನೋ? ಪೂಜೆ ಬಿಟ್ರೆ ನಾನು ಊಟ ಬಿಟ್ಟಂಗೆ, ನೋಡಪ್ಪ" ಅಂದಿದ್ದಳು.

ಕೊನೆಗೆ ನೋವು ತಡೆಯಲಾರದೆ ಒಪ್ಪಿದಳು. ಆದರೆ ಮನೆಗೆ ಬಂದ ಮೇಲೆ ಅವ್ವ ಉಣ್ಣುತ್ತಾಳೋ ಇಲ್ಲವೋ ಅನ್ನುವ ಭಯ ನನ್ನನ್ನು ಬಿಡಲಿಲ್ಲ.

ಬಾಗಿಲಿನ ಅಳತೆ

ಆಪರೇಷನ್ ಆದ ಮೇಲೆ ಅವ್ವ ವಾಕರ್ ಹಿಡಿದು ನಡೆಯಬೇಕು, ಮನೆ ಅಣಿ ಮಾಡಿಟ್ಟುಕೊಳ್ಳಿ ಅಂದರು ಡಾಕ್ಟರು. ಅಳತೆ ಅಂದರೆ ನನ್ನ ಕಸುಬು. ಕೊರಳಲ್ಲಿದ್ದ ಟೇಪು ತೆಗೆದು ಇಡೀ ಮನೆಯ ಅಳತೆ ತೆಗೆದೆ. ಕಾಲಿಗೆ ತೊಡರುವ ಚಾಪೆಗಳನ್ನು ಎತ್ತಿಸಿದೆ, ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿದೆ, ಮಂಚದ ಕಾಲಿಗೆ ಹಲಗೆ ಕೊಟ್ಟು ಎತ್ತರ ಮಾಡಿದೆ. ಆಮೇಲೆ ತೆರವಾದ ಮನೆಯಲ್ಲಿ ಕಿಟಕಿಯ ಬಿಸಿಲು ನೋಡುತ್ತ ಕೂತೆ. ಅವ್ವ ಕೋಣೆಯಿಂದ ಕೋಣೆಗೆ ರಾಣಿಯ ಹಾಗೆ ಓಡಾಡುವುದು ಕಣ್ಣಿಗೆ ಕಟ್ಟುತ್ತಿತ್ತು.

ಹೆಂಡತಿ ವಾಕರ್ ತಂದು ಬಚ್ಚಲ ಬಾಗಿಲಿಗೆ ಹಿಡಿದಳು. ಒಳಗೆ ಹೋಗಲಿಲ್ಲ. ಅಡ್ಡ ತಿರುಗಿಸಿದರೆ ಹೋಯಿತು, ಆದರೆ ಅವ್ವ ಏಡಿಯ ಹಾಗೆ ನಡೆಯಬೇಕಿತ್ತು.

"ಬಾಗಿಲು ಅಳೀಲಿಲ್ಲೇನ್ರಿ?"

"ಅಳೆದಿದ್ದೆ ಕಣೆ."

ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಅಳತೆ ನೋಡಿದೆ. ಕನಸಿನ ಗುಂಗಿನಲ್ಲಿ, ಬಟ್ಟೆಗೆ ಮಾಡುವ ಹಾಗೆ, ಬಾಗಿಲಿಗೂ ಎರಡಿಂಚು ಮಾರ್ಜಿನ್ ಸೇರಿಸಿ ಬರೆದಿದ್ದೆ.

"ಒಳಗೆ ಎರಡಿಂಚು ಬಿಟ್ಟಿರ್ತೀವಲ್ಲ, ಅದಕ್ಕೇ..." ಅಂದೆ.

"ಬಾಗಿಲೇನು ಪ್ಯಾಂಟೇನ್ರಿ, ಹೊಲಿಗೆ ಬಿಚ್ಚಿ ಸಡ್ಲ ಮಾಡಾಕೆ? ಎದ್ದು ಬಡಗಿನ ಕರ್ಕಂಡು ಬರ್ರಿ!"

ಹೊಳೆ ದಂಡೆ

ಆಪರೇಷನ್ ಆದ ಮೇಲೆ ಅವ್ವ ಮಂಪರಿನಲ್ಲಿದ್ದಳು. ಕಣ್ಣು ಅರ್ಧ ತೆರೆದಿತ್ತು, ಮುಖದಲ್ಲಿ ನಾನು ಎಷ್ಟೋ ವರ್ಷದಿಂದ ಕಾಣದ ಒಂದು ನಗು. ಅವಳ ತವರು ಹರಿಹರ. ಹುಡುಗಿಯಾಗಿದ್ದಾಗ ತುಂಗಭದ್ರೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳು, ಈಗಲೂ ಅಲ್ಲೇ ಇದ್ದಳು.

"ಕಲ್ಲಿನ ಮ್ಯಾಲೆ ಕುಕ್ಕುರಗಾಲಲ್ಲೇ ಕುಂತು ಒಗದೆ ಕಣೋ. ಮೊಣಕಾಲು ನೋಯಲೇ ಇಲ್ಲ" ಅಂದಳು.

ನಾನು ಅವಳ ಹೊದಿಕೆ ಸರಿಮಾಡಿದೆ. ಅಷ್ಟರಲ್ಲಿ ನರ್ಸ್ ಬಂದಳು, ಪಾಪ, ಎಳೇ ವಯಸ್ಸು. ಅವ್ವ ಹೊದಿಕೆಯ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, "ಹಿಡ್ಕಾ, ಸೀರೆ ಹಿಂಡಾನ" ಅಂದಳು. ಆ ಹುಡುಗಿ ನನ್ನ ಮುಖ ನೋಡಿದಳು. ನಾನು ಕೈ ಮುಗಿದೆ. ಒಳ್ಳೆಯವಳು, ನಗುನಗುತ್ತಲೇ ಹಿಡಿದು ತಿರುಚಿದಳು.

ಅವ್ವನಿಗೆ ಸಮಾಧಾನವಾಗಲಿಲ್ಲ. ಕಣ್ಣು ಮುಚ್ಚಿಕೊಂಡೇ ಹೇಳಿದಳು:

"ಬಿಗಿಯಾಗಿ ಹಿಂಡವ್ವ. ಹಿಂಗೆ ಹಿಂಡಿದ್ರೆ ಅತ್ತೆಮನೇಲಿ ಹೆಂಗೆ ಬಾಳ್ವೆ ಮಾಡ್ತೀಯ?"

ಡಾಕ್ಟರು ಹೇಳಿದ ಪಥ್ಯ

ಹರಿಹರದಿಂದ ಸೋದರಮಾವ ಫೋನು ಮಾಡಿದ. ಅವನಿಗೆ ಕಿವಿ ಸ್ವಲ್ಪ ಮಂದ.

"ಡಾಕ್ಟರು ಏನಂದ್ರೋ?"

"ಹೊತ್ತಿಗೊಂದಿಷ್ಟು ನಡ್ಯಾದು ಮಾವ, ಉಳಿದಂಗೆ ಬರೀ ಬೆಡ್ ರೆಸ್ಟ್."

"ಬರೀ ಅದೇನಾ? ಬೇರೆ ಏನೂ ಬ್ಯಾಡ ಅಂದ್ರಾ?"

"ಬೇರೆ ಏನೂ ಬ್ಯಾಡ."

"ಅಯ್ಯೋ ಶಿವನೇ" ಅಂತ ಫೋನಿಟ್ಟ.

ಅವ್ವ ಇನ್ನೂ ಆಸ್ಪತ್ರೆಯಲ್ಲೇ ಇದ್ದಳು, ಮಾರನೆಯ ದಿನದಿಂದ ಮನೆಗೆ ನೆಂಟರು ಬರಲು ಶುರು. ಹರಿಹರದವರು ಬಂದರು, ಕೊಂಡಜ್ಜಿಯವರು ಬಂದರು, ಆವರಗೆರೆಯ ಚಿಕ್ಕಮ್ಮ ಬಂದಳು. ಎಲ್ಲರ ಕೈಯಲ್ಲೂ ಬ್ರೆಡ್ಡು, ರಸ್ಕು. ರೋಗಿಯ ಮನೆಗೆ ಬ್ರೆಡ್ ತರುವುದು ವಾಡಿಕೆಯೇ ಬಿಡಿ, ಆದರೆ ಹಣ್ಣು, ಎಳನೀರು ಒಬ್ಬರೂ ತರಲಿಲ್ಲ. ಅವ್ವನಿಗಾಗಿ ತೆರವು ಮಾಡಿದ್ದ ಕಪಾಟು ತುಂಬಿತು, ಮಂಚದ ಮೇಲೂ ರಸ್ಕಿನ ಪೊಟ್ಟಣ. ಇದೆಂಥ ಮಾಯೆ ಅಂತ ನನಗೆ ತಿಳಿಯಲೇ ಇಲ್ಲ.

ಕೊನೆಗೆ ಮಾವನೇ ದೊಡ್ಡ ಚೀಲ ಹೊತ್ತು ಬಂದು, ನನ್ನನ್ನು ಮೂಲೆಗೆ ಕರೆದು, ಕಣ್ಣೊರೆಸಿಕೊಂಡು ಕೇಳಿದ:

"ರೊಟ್ಟಿ ತಿಂದ ಬಾಯಿ ಕಣೋ ಅದು. ಬರೀ ಬ್ರೆಡ್ ರಸ್ಕ್ ಅಂದ್ರೆ ಹೆಂಗೆ? ಚಾದಾಗೆ ಅದ್ದಿ ತಿನ್ನಾಕಾದ್ರೂ ಪರ್ಮಿಷನ್ ಕೊಟ್ಟಾರೇನು?"

ಅಯ್ಯನವರು ಬಂದದ್ದು

ಅವ್ವ ಮನೆಗೆ ಬಂದಳು. ಆಸ್ಪತ್ರೆಯಲ್ಲಿ ಮಂಚಕ್ಕೆ ಒರಗಿಯೇ ಪೂಜೆ ಮಾಡಿಕೊಂಡಿದ್ದಳು. "ಪರಸ್ಥಳದಾಗೆ ಹೆಂಗೋ ನಡೀತೈತೆ, ಮನೆಯಾಗೆ ನಡೆಯಲ್ಲ. ಅಯ್ಯನೋರನ್ನ ಕರ್ಸು, ಅವರು ಹೂಂ ಅಂದ್ರೆ ಕುರ್ಚಿ, ಇಲ್ಲಾಂದ್ರೆ ನೆಲ" ಅಂತ ಹಟ ಹಿಡಿದಳು. ಅಯ್ಯನವರು ಅಂದರೆ ನಮ್ಮ ಮನೆತನದ ಜಂಗಮ ಗುರುಗಳು; ಅವರಿಗೆ ಹೇಳಿಕಳಿಸಿದೆ. ಬಿಸಿಲು ಏರುತ್ತಿತ್ತು. ಹೊಟ್ಟೆಗೆ ಏನಾದರೂ ಬೀಳದೆ ಮಾತ್ರೆ ಕೊಡುವಂತಿಲ್ಲ. ವಿಭೂತಿ ಹಚ್ಚಿಕೊಂಡು, ಮಂಚದ ಅಂಚಿನಲ್ಲಿ, ನೋವಿಗೆ ತುಟಿ ಕಚ್ಚಿ ಕೂತಿದ್ದಳು. ನನಗಂತೂ ಅಳುವೇ ಬಂದಿತ್ತು.

ಅದೇ ಹೊತ್ತಿಗೆ ಅಂಗಡಿಯವನು ಕಮೋಡ್ ಕುರ್ಚಿ ತಂದು ಅವ್ವನ ಕೋಣೆಯಲ್ಲಿ ಇಟ್ಟುಹೋದ. ಅದೇ, ಮೇಲೆ ಮೆತ್ತನೆ ಸೀಟು, ಅದನ್ನು ಎತ್ತಿದರೆ ಕೆಳಗೆ ಪಾತ್ರೆ. ಹಿಂದೆಯೇ ಬಾಗಿಲಲ್ಲಿ ಅಯ್ಯನವರ ಕೆಮ್ಮು ಕೇಳಿಸಿತು. ಮರ್ಯಾದೆ ಹೋಯಿತಲ್ಲ ಅಂತ ನನ್ನ ಹೆಂಡತಿ ಕೈಗೆ ಸಿಕ್ಕ ಹೊಸ ಶಾಲು ತೆಗೆದು ಕುರ್ಚಿಯ ಮೇಲೆ ಹೊದಿಸಿದಳು.

ಅಯ್ಯನವರಿಗಾಗಿ ನೆಲದ ಮೇಲೆ ಜಮಖಾನೆ ಹಾಸಿದ್ದೆವು. ಅವರು ಜಮಖಾನೆ ನೋಡಿದರು, ತಮ್ಮ ಕಾಲು ನೋಡಿಕೊಂಡರು.

"ನೆಲಕ್ಕೆ ಬ್ಯಾಡಪ್ಪ. ನನ್ನ ಮೊಣಕಾಲೂ ಕೈಕೊಟ್ಟು ಭಾಳ ದಿನ ಆತು" ಅಂತ ಸುತ್ತ ನೋಡಿ, "ಓ, ಕುರ್ಚಿ ಹಾಕೇ ಇಟ್ಟೀರಲ್ಲ!" ಅಂದು, ನಾವು ಬಾಯಿ ಬಿಡುವುದರೊಳಗೆ ಹೋಗಿ ಕೂತೇ ಬಿಟ್ಟರು.

ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದಳು. ಅವ್ವ ಕಣ್ಣು ಪಿಳಿಪಿಳಿ ಬಿಟ್ಟಳು.

"ಅಯ್ಯನೋರೆ, ಹಂಗಾದ್ರೆ ನೀವು ಪೂಜೆ...?"

"ಕುರ್ಚಿ ಮ್ಯಾಲೇ ಮಾಡ್ಕಂತೀನವ್ವ. ಲಿಂಗ ಇರಾದು ಅಂಗೈಯಾಗೆ, ಮೊಣಕಾಲಾಗಲ್ಲ."

ಅವ್ವನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಹೊತ್ತಿದ್ದ ಭಾರ ಒಂದು ಮಾತಿಗೆ ಇಳಿಯಿತು. ಕೂತಲ್ಲೇ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಳು. ಕಿಟಕಿಯ ಬಿಸಿಲು, ವಿಭೂತಿಯ ವಾಸನೆ, ಅವ್ವನ ಅರೆಮುಚ್ಚಿದ ಕಣ್ಣು. ಮನೆಯೇ ಉಸಿರು ಹಿಡಿದು ನಿಂತ ಹಾಗಿತ್ತು. ಪೂಜೆ ಮುಗಿಸಿ ಅವ್ವ ಹಾಲು ಕುಡಿದಳು, ಮಾತ್ರೆ ನುಂಗಿದಳು. ನಾನು ಬದುಕಿದೆ.

ಅಯ್ಯನವರಿಗೂ ಹಾಲು ಕೊಟ್ಟೆವು. ಅವರು ಕುರ್ಚಿಯ ತೋಳು ಸವರುತ್ತ, "ಭಾಳ ಹಿತ ಐತಪ್ಪ ಇದು. ಮೆತ್ತಗೈತೆ, ಎತ್ತರ ಐತೆ. ಪೂಜೆಗೆ ಹೇಳಿ ಮಾಡಿಸಿದಂಗೈತೆ. ನನಗೂ ಇಂಥದ್ದೊಂದು ಬೇಕಿತ್ತು ನೋಡು" ಅಂದರು.

ನಾನು ಸೂರು ನೋಡಿದೆ. ಹೆಂಡತಿ ಅಡಿಗೆಮನೆಗೆ ಓಡಿದಳು. ಅವ್ವ ಮಾತ್ರ ಸೆರಗು ಹೊದ್ದುಕೊಂಡು, ಭಯಭಕ್ತಿಯಿಂದ ಕೈ ಮುಗಿದಳು.

"ಇದನ್ನೇ ತಗಂಡು ಹೋಗ್ರಿ ಅಯ್ಯನೋರೆ. ಹೊಸದು, ಇನ್ನೂ ಉದ್ಘಾಟನೆ ಆಗಿಲ್ಲ."